ತವರಿನ ಚೆಂಡುಹೂವಿನ ಬೀಜ

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ನಮ್ಮ ಹೆಂಗಸರಿಗೆ ಎಲ್ಲಿಲ್ಲದ ಅವಸರ. ವರ್ಷವೆಲ್ಲ ಕಟ್ಟಿಟ್ಟ ಹೂವಿನ ಬೀಜದ ಗಂಟು ಬಿಚ್ಚುತ್ತಾರೆ, ಅಂಗಳಕ್ಕೆ ಚೆಲ್ಲುತ್ತಾರೆ, ಕೈ ಕೊಡವಿಕೊಂಡು ಒಳಗೆ ಹೋಗುತ್ತಾರೆ. ಮಿಕ್ಕಿದ್ದೆಲ್ಲ ಭೂಮಿತಾಯಿಯ ಪಾಲು. ಆದರೆ ಭೂಮಿತಾಯಿಗಿಂತ ಮೊದಲು ಕೋಳಿ ಬರುತ್ತದೆ, ಇರುವೆ ಬರುತ್ತದೆ. ಮೂರನೆಯ ದಿನ ದೊಡ್ಡ ಮಳೆ ಬಂದು ಉಳಿದದ್ದನ್ನು ಚರಂಡಿಗೆ ಒಯ್ಯುತ್ತದೆ. ಆಮೇಲೆ "ಈ ಸಲ ಬೀಜಾನೇ ಸರಿ ಇಲ್ಲ" ಎಂದು ನಾವು ಬೀಜವನ್ನು ಬೈಯುತ್ತೇವೆ.

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹಿಂದಿನ ಸಾಲಿನಲ್ಲಿರುವ ತಿಮ್ಮವ್ವ ಹೀಗೇ ಎರಡು ವರ್ಷ ಬೀಜ ಕಳೆದುಕೊಂಡಳು. ಅದು ಪೇಟೆಯಲ್ಲಿ ಸಿಗುವ ಬೀಜವಲ್ಲ. ಹದಡಿಯ ತವರುಮನೆಯ ಹಿತ್ತಿಲಲ್ಲಿ ಅವಳ ಅವ್ವ ಕಾಳವ್ವ ಬೆಳೆಸುತ್ತಿದ್ದ ಚೆಂಡುಹೂವಿನದು. ಹೂವಿನ ನಡುವೆಲ್ಲ ಕೆಂಡದ ಬಣ್ಣ, ಅಂಚಿಗೆ ಮಾತ್ರ ಅರಿಶಿನದ ಗೆರೆ. ಕಾಳವ್ವ ತೀರಿಕೊಂಡು ಮೂರು ವರ್ಷವಾಯಿತು. ಆ ಹಿತ್ತಿಲು ಈಗ ಬೇರೆಯವರದು. ಗಂಡುಮಕ್ಕಳಿಲ್ಲದ ಕಾಳವ್ವನಿಗೆ ಮಹಾನವಮಿ ಅಮಾವಾಸ್ಯೆಯಲ್ಲಿ ಎಡೆ ಇಡುವವಳು ತಿಮ್ಮವ್ವನೇ. ಅವ್ವನ ಹಳೆಯ ಸೀರೆ ಮಡಿಸಿಟ್ಟು, ಅದರ ಮೇಲೆ ಅವ್ವನದೇ ಹೂ ಇಡುತ್ತಾಳೆ. ಹೋದ ವರ್ಷ ಉಳಿದದ್ದು ಒಂದೇ ಗಿಡ. ಅದು ಬಿಟ್ಟದ್ದು ನಾಲ್ಕು ಹೂ. ಒಂದನ್ನು ಎಡೆಗಿಟ್ಟು ಮೂರನ್ನು ಬೀಜಕ್ಕೆ ಒಣಗಲು ಬಿಟ್ಟಳು. ಆ ಪುಟ್ಟ ಗಂಟು ಬಿಟ್ಟರೆ ಆ ಹೂ ಈಗ ಎಲ್ಲೂ ಇಲ್ಲ.

ಈ ವರ್ಷ ಮೋಡ ಕಟ್ಟಿದ ದಿನ ತಿಮ್ಮವ್ವ ಗಂಟು ಹಿಡಿದು ಅಂಗಳದಲ್ಲಿ ನಿಂತಿದ್ದಳು. ಪಕ್ಕದ ಮನೆಯ ಮಾಬೂಬೀ ಆಗತಾನೆ ಭಟ್ಟಿಯ ಕೆಲಸ ಮುಗಿಸಿ ಬಂದವಳು, ಅಲ್ಲಿಂದಲೇ ಕೂಗಿದಳು.

"ತಡಿ ತಿಮ್ಮಕ್ಕ, ನೆಲಕ್ಕೆ ಹಾಕಬ್ಯಾಡ. ಮನೆಯಾಗೆ ಮಡಕೆಯಾಗೆ ಸಸಿ ಮಾಡು. ಗಟ್ಟಿಯಾದ ಮ್ಯಾಲೆ ಅಂಗಳಕ್ಕೆ ನೆಡು."

"ಮನೆಯಾಗೆ ಬೆಳೆಯೋದು ಜೇಡರಬಲೆ ಒಂದೇ ಕಣೆ."

"ನಮ್ಮಣ್ಣ ಗೌಸ್ ಪೀರ್ ಹರಿಹರ ಸ್ಟೇಷನ್ನಿನಾಗೆ ಮಾಲಿ ಅಲ್ವಾ? ಪ್ಲಾಟ್‌ಫಾರಂ ಹೂವೆಲ್ಲ ಮೊದಲು ಅವನ ಕಿಟಕಿಯಾಗೆ ಹುಟ್ಟಿದ್ದು. ಮಣ್ಣಿನಾಗೆ ರೋಗ ಇದ್ರೆ ಎಳೇ ಸಸಿ ಬುಡ ಕೊಳೆತು ಬೀಳ್ತೈತಂತೆ. ಅದಕ್ಕೇ ಶುದ್ಧ ಉಸುಕು ಬೇಕು ಅಂತಾನೆ."

ತಿಮ್ಮವ್ವನ ಗಂಡ ದುರುಗಣ್ಣ ಗಿರಣಿಯಿಂದ ಬಂದು ಕಾಲು ತೊಳೆಯುತ್ತಿದ್ದ. "ಮನೆಯಾಗೆ ಮನುಷ್ಯರಿಗೇ ಕಾಲು ಚಾಚಾಕೆ ಜಾಗ ಇಲ್ಲ. ಹೂವಿಗೆ ಹಾಸಿಗೆ ಹಾಸ್ತೀರೇನು?" ಎಂದ.

ತಿಮ್ಮವ್ವನಿಗೂ ಅನುಮಾನವೇ. ಆದರೆ ಎರಡು ವರ್ಷದ ಕೋಳಿಗಳ ನೆನಪಿತ್ತು. ಅರ್ಧ ಬೀಜ ಎಣಿಸಿ ತೆಗೆದು, ಅರ್ಧವನ್ನು ಮತ್ತೆ ಗಂಟು ಹಾಕಿದಳು. ಅವಳು ಮಾಡಿದ ಜಾಣ ಕೆಲಸ ಇದೊಂದೇ ಎಂದು ಮುಂದೆ ಗೊತ್ತಾಯಿತು.

ಮಾಬೂಬೀ ಭಟ್ಟಿಯಿಂದ ಒಂದು ಬುಟ್ಟಿ ಉಸುಕು ತಂದಳು. ಮಂಡಕ್ಕಿ ಹುರಿದು ಹುರಿದು ಕಪ್ಪಾಗಿ, ಹೊರಗೆ ಚೆಲ್ಲಿದ್ದ ಉಸುಕು.

"ದಿನಾ ಬೆಂಕಿಯಾಗೆ ಕಾದಿದ್ದು. ಇದಕ್ಕಿಂತ ಶುದ್ಧ ಯಾವುದೈತೆ?"

ಮಾತು ಎಲ್ಲರಿಗೂ ಸರಿಯೆನಿಸಿತು. ಒಡಕು ಮಡಕೆಗೆ ಉಸುಕು ತುಂಬಿ, ಬೀಜ ಹಾಕಿ, ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟರು. ಎಂಟು ದಿನವಾಯಿತು. ಹನ್ನೆರಡು ದಿನವಾಯಿತು. ತಿಮ್ಮವ್ವ ಬೆರಳಿನಿಂದ ಕೆದಕಿ ನೋಡಿದರೆ ಬೀಜಗಳು ಮೆತ್ತಗಾಗಿ ಕೊಳೆತಿದ್ದವು. ಮಡಕೆಯ ಮುಂದೆ ಕೂತು ಅತ್ತಳು. ಅಷ್ಟು ಹೊತ್ತಿಗೆ ಮಾಬೂಬೀ ಬಾಗಿಲಿಗೆ ಬಂದಳು.

"ನಿನ್ನ ಮಾತು ಕೇಳಿ ನಮ್ಮವ್ವನ್ನ ಅರ್ಧ ಕಳಕೊಂಡೆ" ಎಂದಳು ತಿಮ್ಮವ್ವ.

ಮಾಬೂಬೀ ಬಾಗಿಲಿನಿಂದಲೇ ಹಿಂದಿರುಗಿದಳು. ಮೂರು ದಿನ ಎರಡು ಮನೆಗಳ ನಡುವೆ ಬೆಂಕಿ ಕೊಡು, ಮಜ್ಜಿಗೆ ಕೊಡು ಎಂಬ ಮಾತೂ ಇಲ್ಲ. ಅಂಥ ಮಾತು ಕೇಳಿದವರನ್ನು ಎಷ್ಟು ಸುಡುತ್ತದೋ ಆಡಿದವರನ್ನೂ ಅಷ್ಟೇ ಸುಡುತ್ತದೆ. ತಿಮ್ಮವ್ವನಿಗೆ ಮೂರು ದಿನ ಊಟ ಸೇರಲಿಲ್ಲ.

ನಾಲ್ಕನೆಯ ದಿನ ಭಟ್ಟಿಗೆ ರಜೆ. ಮಾಬೂಬೀ ಬಂದು, "ಆ ಮಡಕೆ ಕೊಡು. ಅಣ್ಣನಿಗೆ ತೋರಿಸ್ಕೊಂಡು ಬರ್ತೀನಿ" ಎಂದಳು. ತಿಮ್ಮವ್ವ ಗೂಡಿನಿಂದ ಮಡಕೆ ಎತ್ತಿ ತಂದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಮಡಕೆ ಭಾರ ಐತೆ, ನಾನೂ ಬರ್ತೀನಿ" ಎಂದಳು. ಉಳಿದ ಬೀಜದ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರೈಲು ಹತ್ತಿದಳು.

ಹರಿಹರ ಸ್ಟೇಷನ್ನಿನಲ್ಲಿ ಗೌಸ್ ಪೀರ್ ಮಡಕೆ ಇಸಿದುಕೊಂಡ. ಒಂದು ಚಿಟಿಕೆ ಉಸುಕು ನಾಲಿಗೆಗೆ ಹಚ್ಚಿ ಉಗುಳಿದ.

"ಮಾಬೂಬೀ, ಹುರಿಯೋಕೆ ಮುಂಚೆ ಅಕ್ಕಿಗೆ ಏನು ಹಚ್ತೀರಿ?"

"ಉಪ್ಪುನೀರು" ಎಂದವಳೇ ಮಾಬೂಬೀ ಬಾಯಿಗೆ ಸೆರಗು ಒತ್ತಿಕೊಂಡಳು.

"ಆ ಉಪ್ಪೆಲ್ಲ ಉಸುಕಿಗೆ ಹತ್ತೈತೆ. ಉಪ್ಪಿನಾಗೆ ಬೀಜ ಮೊಳೆಯಲ್ಲ, ಉಪ್ಪಿನಕಾಯಿ ಆಗ್ತೈತೆ."

"ಹತ್ತು ವರ್ಷ ಅದೇ ಉಸುಕಿನಾಗೆ ಕೈಯಾಡಿಸೀನಿ. ನನಗೇ ಹೊಳೀಲಿಲ್ಲ" ಎಂದು ಅವಳು ಕಣ್ಣೀರು ಹಾಕಿದಳು.

ತಿಮ್ಮವ್ವ ಅವಳ ಕೈ ಹಿಡಿದಳು. "ನಾಲಿಗೆ ನನಗೂ ಇತ್ತಲ್ಲ. ರುಚಿ ನೋಡಾಕೆ ಬಳಸದೆ ನಿನ್ನ ಬೈಯಾಕೆ ಬಳಸಿದೆ. ಆ ಮಾತು ಮರೆತುಬಿಡು."

ನಂತರ ಗೌಸ್ ಪೀರನ ಕಡೆ ತಿರುಗಿ, "ಈ ಉಸುಕು ಚೆಲ್ಲಬೇಕೇನ್ರಿ?" ಎಂದು ಕೇಳಿದಳು.

"ಚೆಲ್ಲಬ್ಯಾಡ್ರಿ. ನಾಲ್ಕು ನೀರಿನಾಗೆ ತೊಳೀರಿ. ನಾಲಿಗೆಗೆ ಸಪ್ಪಗೆ ಹತ್ತೋ ತನಕ ತೊಳೀರಿ. ಎರಡು ಪಾಲು ಉಸುಕಿಗೆ ಒಂದು ಪಾಲು ಜರಡಿ ಹಿಡಿದ ಹಳೇ ಗೊಬ್ಬರ." ತನ್ನ ಕೋಣೆಯ ಕಿಟಕಿಯಲ್ಲಿದ್ದ ಡಾಲ್ಡಾ ಡಬ್ಬಗಳನ್ನು ತೋರಿಸಿದ. ತಳಕ್ಕೆ ಮೊಳೆಯಿಂದ ತೂತು ಹೊಡೆದಿದ್ದ. "ನೀರು ನಿಂತ್ರೆ ಬೇರು ಕೊಳೀತೈತೆ, ಅದಕ್ಕೆ ತೂತು. ಬೀಜ ಮುಚ್ಚುವಷ್ಟೇ ಮಣ್ಣು ಹಾಕ್ರಿ. ಚೊಂಬಿನಿಂದ ಸುರೀಬ್ಯಾಡ್ರಿ, ಬೇವಿನ ಸೊಪ್ಪು ನೀರಿನಾಗೆ ಅದ್ದಿ ಚಿಮುಕಿಸ್ರಿ."

"ಒಲೆ ಗೂಡಿನಾಗೆ ಬೆಚ್ಚಗಿರ್ತೈತೆ ಅಂತ ಇಟ್ಟಿದ್ವಿ" ಎಂದಳು ಮಾಬೂಬೀ.

"ಮೊಳಕೆ ಕಂಡ ದಿನಾನೇ ಕಿಟಕಿ ಬೆಳಕಿಗೆ ಇಡ್ರಿ. ಕತ್ತಲಾಗಿದ್ರೆ ಸಸಿ ನೂಲಿನಂಗೆ ಉದ್ದಾಗ್ತೈತೆ, ನಿಂತ್ಕಳಲ್ಲ. ನಾಲ್ಕೈದು ಎಲೆ ಬಂದ ಮ್ಯಾಲೆ ಒಂದು ವಾರ ಬೆಳಗಿನ ಬಿಸಿಲು ತೋರಿಸ್ರಿ. ಮೊದಲ ದಿನ ಒಂದು ತಾಸು, ಆಮೇಲೆ ಜಾಸ್ತಿ. ಹೊಸ ಸೊಸೆ ಬಂದ ದಿನಾನೇ ಹೊಲಕ್ಕೆ ಕಳಿಸ್ತಾರೇನು?"

"ಕೆಲವರು ಕಳಿಸ್ತಾರ್ರಿ" ಎಂದಳು ತಿಮ್ಮವ್ವ. ಮೂವರೂ ನಕ್ಕರು.

"ನೆಡೋದು ಸಂಜೆಗೆ. ಬೇರಿನ ಮಣ್ಣು ಉದುರಬಾರದು. ಎಲೆ ಹಿಡೀರಿ, ಕಾಂಡ ಹಿಡೀಬ್ಯಾಡ್ರಿ. ಎಲೆ ಹೋದ್ರೆ ಇನ್ನೊಂದು ಬರ್ತೈತೆ, ಕಾಂಡ ಹೋದ್ರೆ ಮುಗೀತು."

ಊರಿಗೆ ಬಂದು ಇಬ್ಬರೂ ಬಾವಿಕಟ್ಟೆಯಲ್ಲಿ ಕೂತು ಉಸುಕು ತೊಳೆದರು. ಪ್ರತಿ ನೀರಿಗೂ ಒಬ್ಬೊಬ್ಬರು ರುಚಿ ನೋಡಿದರು. ಐದನೆಯ ನೀರಿಗೆ ಸಪ್ಪಗಾಯಿತು. ಗೊಬ್ಬರ ಬೆರೆಸಿ, ತಳಕ್ಕೆ ತೂತು ಹೊಡೆದ ಡಬ್ಬಕ್ಕೆ ತುಂಬಿ ಕಿಟಕಿಯಲ್ಲಿಟ್ಟು, ಉಳಿದ ಬೀಜವನ್ನು ತಿಮ್ಮವ್ವ ಒಂದೊಂದಾಗಿ ಹಾಕಿದಳು. ಇನ್ನು ಗಂಟಿನಲ್ಲಿ ಏನೂ ಇರಲಿಲ್ಲ.

ಆರನೆಯ ಬೆಳಗ್ಗೆ ಮೊದಲು ನೋಡಿದವನು ದುರುಗಣ್ಣ. ಗಿರಣಿಗೆ ಹೊರಟವನು ಕಿಟಕಿಯ ಹತ್ತಿರ ಬಗ್ಗಿ, "ಏ ಇವಳೇ, ಇಲ್ಲಿ ಬಾ. ನಿಮ್ಮವ್ವ ಎದ್ದಾಳೆ" ಎಂದ.

ಹನ್ನೊಂದು ಸಸಿ ಬಂದವು. ನೆಡುವ ಸಂಜೆ ದುರುಗಣ್ಣನೇ ಗುಂಡಿ ತೋಡಿದ, ಕೋಳಿ ಬಾರದಂತೆ ಜಾಲಿಮುಳ್ಳು ಚುಚ್ಚಿದ. ಹುರುಪಿನಲ್ಲಿ ಒಂದು ಸಸಿಯ ಕಾಂಡ ಹಿಡಿದು ಎತ್ತಿ ಮುರಿದೂ ಹಾಕಿದ. ಆಮೇಲೆ ಅವನನ್ನು ನೀರು ಹೊರುವ ಕೆಲಸಕ್ಕೆ ಮಾತ್ರ ಇಟ್ಟುಕೊಂಡರು. ಉಳಿದ ಹತ್ತೂ ಬೇರು ಬಿಟ್ಟವು.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಮೊದಲ ಹೂ ಅರಳಿತು. ನಡುವೆ ಕೆಂಡ, ಅಂಚಿಗೆ ಅರಿಶಿನ. ಅವ್ವನ ಸೀರೆಯ ಮೇಲೆ ಅದನ್ನಿಟ್ಟು ತಿಮ್ಮವ್ವ ಬಹಳ ಹೊತ್ತು ಕೂತಳು. ಅವಳಿಗೆ ಸಂತೋಷವೂ ಆಯಿತು, ಅಳುವೂ ಬಂತು.

ಬೀಜ ಒಣಗಿದ ಮೇಲೆ ಅವಳು ಎರಡು ಗಂಟು ಕಟ್ಟಿ, ಒಂದನ್ನು ಮಾಬೂಬೀಯ ಕೈಗಿಟ್ಟಳು.

"ಇದು ನಿಮ್ಮವ್ವಂದಲ್ಲೇನು?"

"ಹೂಂ. ಒಂದೇ ಮನೆಯಾಗಿಟ್ಟುಕೊಂಡು ಹೆದರಿದ್ದು ಸಾಕು. ನನ್ನ ಮನೆಯಾಗೆ ತಪ್ಪಿದ್ರೆ ನಿನ್ನ ಮನೆಯಾಗೆ ಅವ್ವ ಇರ್ತಾಳೆ."

ಅಕ್ಕಂದಿರೇ, ತಂಗಿಯರೇ, ನಿಮ್ಮ ಮನೆಯ ಸೂರಿನ ಗಳುವಿನಲ್ಲೂ ಒಂದು ಬೀಜದ ಗಂಟು ನೇತಾಡುತ್ತಿರಬಹುದು. ಈ ಸಲ ಅದನ್ನು ಕೋಳಿಗೆ ಒಪ್ಪಿಸಬೇಡಿ. ಒಡಕು ಮಡಕೆಯೋ ತೂತಿನ ಡಬ್ಬವೋ ಸಾಕು, ಕಿಟಕಿಯ ಬೆಳಕಿನಲ್ಲಿ ಸಸಿ ಮಾಡಿ. ಉಸುಕು ಎಲ್ಲಿಯದೇ ಇರಲಿ, ತೊಳೆದು ನಾಲಿಗೆಗೆ ಹಚ್ಚಿ ನೋಡಿ. ಬಿಸಿಲಿನ ಅಭ್ಯಾಸ ಮಾಡಿಸಿ, ಸಂಜೆಗೆ ನೆಡಿ. ಬೀಜವನ್ನೆಲ್ಲ ಒಮ್ಮೆಗೇ ಹಾಕಬೇಡಿ. ಮತ್ತೆ, ಡಬ್ಬ ಹುಡುಕಲು ಏಳುವ ಮುಂಚೆ ಆ ಗಂಟು ಬಿಚ್ಚಿ, ಒಂದು ಹಿಡಿ ಬೀಜ ಪಕ್ಕದ ಮನೆಗೆ ಕೊಟ್ಟು ಬನ್ನಿ.