ಕೆಂಪು ಕ್ಲಿಪ್ಪು ಯಾರ ಬಲಗೈಗೆ?

ಆಸ್ಪತ್ರೆಗೆ ತರಬೇತಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಸಂಜೆಯ ಮಾತುಕತೆ ಬಹಳ ಚಿಕ್ಕದು.

“ಇವತ್ತು ಏನು ಕಲಿತೆ?”

“ತುಂಬಾ ಕಲಿತೆ.”

ಅಷ್ಟೇ. ಚಪ್ಪಲಿ ಒಂದು ಮೂಲೆಗೆ, ಚೀಲ ಇನ್ನೊಂದು ಮೂಲೆಗೆ.

ನಮ್ಮ ಕಥೆಯ ಹುಡುಗಿಯೂ ಹೀಗೇ. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದು ‘ಗಡಿಬಿಡಿ’ ಎಂದು. ಹೃದಯದ ಪರೀಕ್ಷೆಗಳನ್ನು ಮಾಡುವ ವಿದ್ಯೆ ಓದುತ್ತಿದ್ದಳು. ಕೊನೆಯ ವರ್ಷದ ತರಬೇತಿಗೆ ದೊಡ್ಡಾಸ್ಪತ್ರೆಯ ಇಸಿಜಿ ವಿಭಾಗ ಸಿಕ್ಕಿತ್ತು. ಕೈಕಾಲಿಗೆ ನಾಲ್ಕು ಬಣ್ಣದ ಕ್ಲಿಪ್ಪು, ಎದೆಗೆ ಆರು ತಂತಿ. ಗುಂಡಿ ಒತ್ತಿದರೆ ಸಾಕು, ಒಬ್ಬರ ಹೃದಯ ಕಾಗದದ ಮೇಲೆ ಗುಡ್ಡ ಕಣಿವೆ ಬರೆಯತೊಡಗುತ್ತದೆ. ಅದನ್ನು ನೋಡುವಾಗಲೆಲ್ಲ ಅವಳ ಹೃದಯವೂ ಕುಣಿಯುತ್ತಿತ್ತು.

ಕಾಟ ಒಂದೇ. ವಿಭಾಗದ ಹಿರಿಯ ಮೇಡಂ. ದಿನಾ ಬೆಳಿಗ್ಗೆ ಚಹಾದ ಲೋಟ ಹಿಡಿದು, ತರಬೇತಿಯವರನ್ನೆಲ್ಲ ಸುತ್ತ ಕೂರಿಸಿಕೊಂಡು ಕೇಳುತ್ತಿದ್ದರು:

“ನಿನ್ನೆಯದೊಂದು ಹೇಳು. ಏನಾಯ್ತು? ಯಾಕೆ ಹಾಗಾಯ್ತು? ಮುಂದಿನ ಸಲ ಏನು ಬದಲಾಯಿಸ್ತೀಯ?”

“ತುಂಬಾ ಕಲಿತೆ, ಮೇಡಂ.”

“ಅದು ಊಟ ಚೆನ್ನಾಗಿತ್ತು ಅಂದ ಹಾಗಾಯ್ತು. ಉಪ್ಪು ಹೆಚ್ಚಾಗಿದ್ದು ಯಾವುದಕ್ಕೆ, ಅದನ್ನ ಹೇಳು ಮಾರಾಯ್ತಿ!”

ಗಡಿಬಿಡಿಗೆ ಇದೆಲ್ಲ ಕಾಲಹರಣ ಎನಿಸುತ್ತಿತ್ತು. ಹೊರಗೆ ರೋಗಿಗಳ ಸಾಲು ಬೆಳೆಯುತ್ತಿರುವಾಗ ಕಥೆ ಹೇಳುತ್ತ ಕೂರುವುದೇ?

ಒಂದು ದಿನ ಇಸಿಜಿ ಕೋಣೆಗೆ ಸುಣ್ಣಬಣ್ಣ ಶುರುವಾಯಿತು. ಯಂತ್ರವನ್ನು ಪಕ್ಕದ ಕೋಣೆಗೆ ಸಾಗಿಸಿದರು. ಅಲ್ಲಿ ಅಂದು ಗಡಿಬಿಡಿ ತೆಗೆದದ್ದು ಒಂದೇ ಇಸಿಜಿ, ಶಾಲಾ ಬಸ್ಸಿನ ಚಾಲಕರೊಬ್ಬರದು. ಬಸ್ಸು ಓಡಿಸಲು ತಾವು ಸಮರ್ಥರು ಎಂಬ ಪತ್ರ ಅವರಿಗೆ ಬೇಕಿತ್ತು. ಕಾಗದ ನೋಡಿದ ವೈದ್ಯರು ಹುಬ್ಬು ಗಂಟಿಕ್ಕಿದರು. “ಹೃದಯಕ್ಕೆ ಹಿಂದೆ ಯಾವಾಗಲೋ ಪೆಟ್ಟು ಬಿದ್ದ ಹಾಗಿದೆ. ಇನ್ನಷ್ಟು ಪರೀಕ್ಷೆ ಆಗಬೇಕು. ಅಲ್ಲೀವರೆಗೂ ಬಸ್ಸು ಮುಟ್ಟಬೇಡಿ.”

“ನಂಗೆ ಒಂದು ದಿನಾನೂ ಎದೆ ನೋವು ಅಂತ ಬಂದಿಲ್ಲ ಸಾರ್!” ಎಂದರು ಚಾಲಕರು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಅವರ ಬೆರಳು ಅರ್ಧಕ್ಕೇ ನಿಂತಿತ್ತು.

ಆ ಬೆರಳು ಗಡಿಬಿಡಿಯ ಜೊತೆ ಮನೆಗೂ ಬಂತು.

ಅಪ್ಪ ಟೈಲರ್. ಮುಂದಿನ ಕೋಣೆಯೇ ಅಂಗಡಿ. ಅಜ್ಜಿ ಒಣಗಿದ ಬಟ್ಟೆ ಮಡಚುತ್ತ ಕೂತಿದ್ದರು. ಗಡಿಬಿಡಿ ನಡೆದದ್ದನ್ನು ಹೇಳಿದಳು. “ಯಾರು ಏನು ಅಂತ ಕೇಳಬೇಡಿ. ರೋಗಿಯ ಹೆಸರು ಹೊರಗೆ ಹೇಳೋ ಹಾಗಿಲ್ಲ. ಆದ್ರೆ ನಂಗೆ ಯಾಕೋ ಸಮಾಧಾನ ಇಲ್ಲ. ಮೇಡಂ ಕೇಳೋ ಹಾಗೆ ನನ್ನನ್ನೇ ಕೇಳ್ಕೊಂಡೆ. ಏನಾಯ್ತು ಅಂತ ಗೊತ್ತು. ಯಾಕಾಯ್ತು ಅನ್ನೋದೇ ಹೊಳೀತಿಲ್ಲ.”

ಅಪ್ಪ ಕತ್ತರಿಯಿಂದ ಕಣ್ಣೆತ್ತಲಿಲ್ಲ. “ದೊಡ್ಡ ಡಾಕ್ಟ್ರು ನೋಡಿದ ಮೇಲೆ ನಿಂದೇನು? ಕಲಿಯೋಕೆ ಹೋದೋರು ತಲೆ ತಗ್ಗಿಸಿ ಕಲೀಬೇಕು. ಕೆದಕಬಾರದು.”

“ನೀನು ಹೊಲಿಗೆ ತಪ್ಪಿದ್ರೆ ಬಿಚ್ಚಲ್ವೇನೋ?” ಎಂದರು ಅಜ್ಜಿ.

“ಬಿಚ್ತೀನಮ್ಮ. ಗಿರಾಕಿ ಬರೋದ್ರೊಳಗೆ!”

ಗಡಿಬಿಡಿಗೆ ತಟ್ಟನೆ ಏನೋ ತೋಚಿತು. “ಅಪ್ಪಾ, ಮಲ್ಕೋ.”

“ಏನು?”

“ಬಟ್ಟೆ ಕತ್ತರಿಸೋ ಮೇಜಿನ ಮೇಲೆ. ನೀನೇ ಡ್ರೈವರ್ರು. ಆ ಕೋಣೇಲಿ ಹೇಗಿತ್ತೋ ಹಾಗೇ ಮಾಡಿ ನೋಡ್ತೀನಿ. ಮಂಚ ಗೋಡೆಗೆ ತಾಗಿತ್ತು... ತಲೆ ಆ ಕಡೆ ಅಲ್ಲ, ಕಿಟಕಿ ಕಡೆ.”

“ಮಲ್ಕೊಳ್ಳೋ, ಮಗು ಕೇಳ್ತಿದೆ. ಹೇಗೂ ಮಧ್ಯಾಹ್ನ ಅಲ್ಲೇ ತಾನೆ ಗೊರಕೆ ಹೊಡೆಯೋದು?” ಅಜ್ಜಿ ಬಟ್ಟೆಗೆ ಹಾಕುವ ಕ್ಲಿಪ್ಪಿನ ಡಬ್ಬಿಯನ್ನೇ ಮುಂದೆ ತಳ್ಳಿದರು. ಕೆಂಪು, ಹಳದಿ, ಹಸಿರು ಸಿಕ್ಕಿದವು. ಕಪ್ಪು ಇರಲಿಲ್ಲ, ನೀಲಿಯೇ ಕಪ್ಪಾಯಿತು.

ಗಡಿಬಿಡಿಯ ಕೈ ಕೆಲಸಕ್ಕೆ ಬಿದ್ದಿತು. ಬಾಯಿ ತಾನಾಗಿ ಹೇಳುತ್ತಿತ್ತು: “ಹತ್ತಿರದ ಕೈಗೆ ಕೆಂಪು. ಆಚೆ ಕೈಗೆ ಹಳದಿ...”

“ಅಯ್ಯೋ, ಮೆಲ್ಲಗೆ! ಚರ್ಮ ಕಿತ್ತು ಬರುತ್ತೆ!”

“ಅಲ್ವೇ, ಅದೇನು ಹತ್ತಿರದ ಕೈ, ಆಚೆ ಕೈ? ಬಲ ಎಡ ಅಂತ ಇಲ್ವಾ?” ಅಜ್ಜಿ ಕೇಳಿದರು.

“ಇದೆ ಅಜ್ಜಿ. ಬಲಗೈಗೆ ಕೆಂಪು, ಎಡಗೈಗೆ ಹಳದಿ.”

ಅಪ್ಪ ಕೆಂಪು ಕ್ಲಿಪ್ಪು ಕಚ್ಚಿದ್ದ ಕೈ ಮೇಲೆತ್ತಿದರು. “ಹಾಗಾದ್ರೆ ಇದೇನು? ವಾಚು ಕಟ್ಟೋ ಕೈಯಲ್ವಾ ಇದು? ನನ್ನ ಎಡಗೈ!”

ಗಡಿಬಿಡಿ ಆ ಕೈಯನ್ನೂ ಕೆಂಪು ಕ್ಲಿಪ್ಪನ್ನೂ ನೋಡಿದಳು. ಆಮೇಲೆ ಇಡೀ ಬೀದಿಗೆ ಕೇಳುವಂತೆ ಕೂಗಿದಳು: “ಸಿಕ್ತು! ಅಪ್ಪಾ, ಸಿಕ್ತು!”

ಹಳೆಯ ಕೋಣೆಯಲ್ಲಿ ನಿಲ್ಲುವ ಜಾಗ ಮಂಚದ ಬಲಕ್ಕಿತ್ತು. ಮಲಗಿದವರ ಬಲಗೈ ಯಾವಾಗಲೂ ಅವಳ ಹತ್ತಿರವೇ. ಬೇಗ ಬೇಗ ಮುಗಿಸುವ ಆಸೆಯಲ್ಲಿ ಅವಳು ‘ಬಲ’ ಎಂಬುದನ್ನು ಮರೆತು ‘ಹತ್ತಿರ’ ಎಂದು ಕಲಿತುಬಿಟ್ಟಿದ್ದಳು. ಹೊಸ ಕೋಣೆಯಲ್ಲಿ ಮಂಚ ತಿರುಗಿತ್ತು. ಕೈ ಮಾತ್ರ ಹಳೆಯ ಪಾಠವನ್ನೇ ಒಪ್ಪಿಸಿತ್ತು. ತಂತಿ ಅದಲುಬದಲಾದರೆ ಗಟ್ಟಿ ಹೃದಯವೂ ಕಾಗದದಲ್ಲಿ ಕಾಯಿಲೆಯಂತೆ ಕಾಣಬಹುದು.

ಅಪ್ಪ ಎದ್ದು ಕೂತರು. ಈಗ ಅವರ ಮುಖದಲ್ಲಿ ನಗು ಇರಲಿಲ್ಲ. “ಯಾರಿಗೂ ಹೇಳಬೇಡ. ತರಬೇತಿಯಿಂದ ತೆಗೆದುಹಾಕಿದ್ರೆ? ಓದಿದ್ದೆಲ್ಲ ನೀರಲ್ಲಿ ಹೋಮ.”

“ಹೇಳದೇ ಇದ್ರೆ ಅವರ ಕೆಲಸ ಹೋಗುತ್ತಪ್ಪ. ಇಲ್ಲದ ಕಾಯಿಲೆಗೆ ಆಸ್ಪತ್ರೆ ಅಲೀತಾರೆ.”

ಬೆಳಗಾಗುವವರೆಗೆ ಕಾಯಲಿಲ್ಲ. ಮೇಡಂಗೆ ಫೋನ್ ಮಾಡಿದಳು. ದನಿ ಜಿಗಿಯುತ್ತಿತ್ತು. “ಮೇಡಂ, ತಪ್ಪು ನಂದು. ಯಾಕಾಯ್ತು ಅಂತ ಗೊತ್ತಾಯ್ತು!”

ಎಲ್ಲ ಕೇಳಿದ ಮೇಡಂ ಹೇಳಿದರು: “ಡಾಕ್ಟ್ರಿಗೂ ಡ್ರೈವರಿಗೂ ಈಗಲೇ ಫೋನ್ ಮಾಡ್ತೀನಿ. ನಾಳೆ ಇನ್ನೊಂದು ಸಲ ತೆಗೆಯೋಣ. ಬೇಗ ಬಾ. ಓಡಿ ಬರಬೇಡ, ನಡೆದು ಬಾ.”

ಮರುದಿನ ಅಪ್ಪನೂ ಜೊತೆಗೆ ಹೊರಟರು. ಮಗಳ ಪರವಾಗಿ ಕೈ ಮುಗಿಯಬೇಕಾಗಿ ಬಂದರೆ ಇರಲಿ ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ತುದಿಯಲ್ಲಿ ಕೂತರು.

ಒಳಗೆ ಚಾಲಕರು ಮಲಗಿದ್ದರು. ಗಡಿಬಿಡಿ ತನ್ನ ತಪ್ಪು ಹೇಳಿಕೊಂಡು ಕ್ಷಮೆ ಕೇಳಿದಳು.

“ಏನಮ್ಮಾ, ನಾನು ನಿನ್ನ ಹಾಗೆ ಎಡ ಬಲ ತಪ್ಪಿದ್ರೆ ಬಸ್ಸು ಎಲ್ಲಿ ನುಗ್ಗುತ್ತೆ ಗೊತ್ತಾ? ನಿನ್ನೆ ನನ್ನ ಹೆಂಡತಿ ಮೆಟ್ಟಿಲು ಹತ್ತೋಕೂ ಬಿಡಲಿಲ್ಲ.”

“ಗೊತ್ತಾಯ್ತು ಅಣ್ಣಾ. ದಯವಿಟ್ಟು ನಿಮ್ಮ ಬಲಗೈ ಎತ್ತಿ.”

ಎತ್ತಿದರು. ಆ ಕೈಗೆ ಕೆಂಪು. ಮೇಡಂ ಪಕ್ಕದಲ್ಲೇ ನಿಂತು ನೋಡಿದರು. ಯಂತ್ರ ಗುಂಯ್ ಎಂದಿತು. ಗುಡ್ಡ ಇರಬೇಕಾದಲ್ಲಿ ಗುಡ್ಡ, ಕಣಿವೆ ಇರಬೇಕಾದಲ್ಲಿ ಕಣಿವೆ! ವೈದ್ಯರು ಎರಡೂ ಕಾಗದ ಅಕ್ಕಪಕ್ಕ ಇಟ್ಟು ನೋಡಿದರು. “ಹೃದಯ ಚೆನ್ನಾಗಿದೆ. ಮೊದಲನೇ ಕಾಗದದಲ್ಲೇ ಸುಳಿವಿತ್ತು. ಕೈಯ ತಂತಿ ಬರೆದ ಗೆರೆ ತಲೆಕೆಳಗಾಗಿತ್ತು, ಎದೆಯ ತಂತಿಯದು ಸರಿಯಾಗೇ ಇತ್ತು. ನಾನೂ ಅವಸರ ಮಾಡಿದೆ.”

ಮೇಡಂ ಅಷ್ಟಕ್ಕೇ ಬಿಡಲಿಲ್ಲ. ಆ ಕೋಣೆಯಲ್ಲಿ ತೆಗೆದ ಉಳಿದ ಇಸಿಜಿಗಳನ್ನೂ ತರಿಸಿ ನೋಡಿದರು. ಇನ್ನೊಂದು ಹಾಗೆಯೇ ಸಿಕ್ಕಿತು. ಆ ರೋಗಿಯನ್ನೂ ಮತ್ತೆ ಕರೆಸಿದರು. ಚಹಾದ ಹೊತ್ತಿಗೆ ಗಡಿಬಿಡಿ ಎಲ್ಲರೆದುರು ನಡೆದದ್ದನ್ನು ಹೇಳಿದಾಗ, ಅವಳ ಸಹಪಾಠಿಯೊಬ್ಬ ನಿಧಾನವಾಗಿ ಕೈ ಎತ್ತಿದ.

“ಅದು... ನಾನು ತೆಗೆದಿದ್ದು. ನಾನೂ ಹತ್ತಿರದ ಕೈ ಅಂತಾನೇ ಕಲ್ತಿದ್ದು.”

ಅಂದಿನಿಂದ ವಿಭಾಗದಲ್ಲಿ ಹೊಸ ಪದ್ಧತಿ: ಮೊದಲು ‘ನಿಮ್ಮ ಬಲಗೈ ಎತ್ತಿ’, ಆಮೇಲೆ ಕ್ಲಿಪ್ಪು. ಗಡಿಬಿಡಿಯ ತರಬೇತಿ ನಿಲ್ಲಲಿಲ್ಲ. ಆದರೆ ಕೆಲವು ವಾರ ಒಬ್ಬಳೇ ಇಸಿಜಿ ತೆಗೆಯುವಂತಿಲ್ಲ ಎಂದು ಮೇಡಂ ಕಟ್ಟುನಿಟ್ಟಾಗಿ ಹೇಳಿದರು. ಅವಳು ಒಪ್ಪಿಕೊಂಡಳು.

ಹೊರಗೆ, ಚಾಲಕರು ಪತ್ರ ಬೀಸುತ್ತ ಹೋದದ್ದನ್ನು ಅಪ್ಪ ನೋಡಿದ್ದರು. ಮೇಡಂ ಬಂದಾಗ ಎದ್ದು ನಿಂತರು. ಕೈ ಮುಗಿಯುವುದು ಮರೆತೇ ಹೋಯಿತು.

“ಮೇಡಂ, ಏನಾಯ್ತು, ಯಾಕಾಯ್ತು ಅಂತ ಇವಳನ್ನ ದಿನಾ ಕೇಳ್ತೀರಂತೆ?”

“ಹೌದು, ದಿನಾ.”

“ಮನೇಲಿ ನಾನೂ ಕೇಳಬಹುದಾ?”

“ಬೈಯೋಕಲ್ಲ, ತಿಳ್ಕೊಳ್ಳೋಕೆ ಅಂದ್ರೆ ಧಾರಾಳವಾಗಿ ಕೇಳಿ,” ಎಂದು ಮೇಡಂ ನಕ್ಕರು.

ಓದುತ್ತಿರುವ ತಂಗಿ, ತಮ್ಮ, ನೀವು ರಕ್ತ ಪರೀಕ್ಷೆಯ ಕೋಣೆಯಲ್ಲಿರಿ, ಎಕ್ಸ್‌ರೇ ಕೋಣೆಯಲ್ಲಿರಿ, ದಿನದ ಕೊನೆಗೆ ಒಂದೇ ಒಂದು ಘಟನೆಯನ್ನು ಹಿಡಿದು ನಿಲ್ಲಿಸಿ. ಏನಾಯಿತು, ಯಾಕಾಯಿತು, ಮುಂದೇನು ಬದಲಿಸುವೆ ಎಂದು ಕೇಳಿಕೊಳ್ಳಿ. ಚೆನ್ನಾಗಿ ನಡೆದದ್ದನ್ನೂ ಕೇಳಿ, ಕೆಟ್ಟದ್ದನ್ನೂ ಕೇಳಿ. ತಪ್ಪು ಕಂಡರೆ ಆ ಕ್ಷಣವೇ ಹಿರಿಯರಿಗೆ ತಿಳಿಸಿ. ಮನೆಯವರೇ, ಮಗು ಬಾಗಿಲಲ್ಲಿ ಮುಖ ಬಾಡಿಸಿಕೊಂಡು ನಿಂತರೆ ‘ಸುಮ್ಮನಿರು’ ಎನ್ನಬೇಡಿ. ಕೂರಿಸಿ, ಹೇಳಲು ಬಿಡಿ. ನಿಮಗೆ ಗೊತ್ತೇ ಇಲ್ಲದ ಯಾರೋ ಒಬ್ಬರು ನಾಳೆ ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುತ್ತಾರೆ.