ನಮ್ಮ ಪಾರ್ಕಿಂಗಿನ ಕಾನೂನು

ಅಬುಧಾಬಿ ಎಂದರೆ ನನ್ನ ಗಂಡನಿಗೆ ಮೀನು. ಅಲ್ಲಿ ಮದುವೆಯಿರಲಿ, ಮಗುವಿನ ನಾಮಕರಣವಿರಲಿ, ಯಾರದೋ ಸಾವೇ ಇರಲಿ, ಅಲ್ ಮೀನಾದ ಮೀನು ಮಾರ್ಕೆಟ್ಟಿಗೆ ಹೋಗದೆ ಜೆರಾಲ್ಡ್ ವಾಪಸು ಬಂದ ದಾಖಲೆ ಇಲ್ಲ. ಅದನ್ನು ಸಹಿಸಿಕೊಂಡೇ ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೇನೆ. ಆದರೆ ಅಲ್ಲಿ ಮಕ್ಕಳ ಬೇಸ್‌ಬಾಲ್ ಮ್ಯಾಚಿದ್ದ ದಿನ, ಅದೂ ಮ್ಯಾಚಿಗೆ ಮೊದಲೇ, ಎರಡು ದೊಡ್ಡ ಅಂಜಲ್ ಮೀನು ಕೊಂಡು ಐಸ್ ಡಬ್ಬಿಗೆ ತುಂಬಿಸಿದ್ದು ಮಾತ್ರ ಅತಿಯಾಯಿತು.

"ಮಧ್ಯಾಹ್ನ ಹೋದ್ರೆ ಎಂತ ಸಿಗ್ತದೆ ಮಾರಾಯ್ತಿ? ಬೇರೆಯವರು ಬೇಡ ಹೇಳಿ ಬಿಟ್ಟದ್ದು ಸಿಗ್ತದೆ," ಅಂದ.

ಹಿಂದಿನ ಸೀಟಿನಲ್ಲಿ ದೊಡ್ಡವನು ಡ್ಯಾರಲ್ ಯೂನಿಫಾರ್ಮ್ ಹಾಕಿಕೊಂಡು ಮೂಗು ಮುಚ್ಚಿ ಕುಳಿತಿದ್ದ. "ಡ್ಯಾಡಿ, ಪ್ಲೀಸ್. ಬಾಕ್ಸ್ ಕಾರಲ್ಲೇ ಇರ್ಲಿ. ಪ್ರಾಮಿಸ್ ಮಾಡಿ."

"ಬಿಸಿಲಿಗೆ ಕಾರಲ್ಲಿಟ್ರೆ ಮೀನು ಬೇಯ್ತದೆ," ಅಂದ ಜೆರಾಲ್ಡ್. ಸಣ್ಣವನು ಪ್ರಿಯನ್ ಮಾತ್ರ ಡಬ್ಬಿಯ ಮುಚ್ಚಳ ಎತ್ತಿ ಎತ್ತಿ ಮೀನಿನ ಕಣ್ಣು ನೋಡುತ್ತಿದ್ದ. ಅವನಿಗೆ ಆ ದಿನ ಎಲ್ಲವೂ ಚಂದ.

ನಮ್ಮ ಮನೆಯಿರುವುದು ದುಬೈಯ ಅಲ್ ಬರ್ಷಾದಲ್ಲಿ. ನಾನು ನರ್ಸು, ಜೆರಾಲ್ಡ್ ಒಂದು ಹೋಟೆಲಿನ ಸ್ಟೋರು ನೋಡಿಕೊಳ್ಳುತ್ತಾನೆ. ಇಬ್ಬರದೂ ಊರು ಶಿರ್ವದ ಕಡೆ. ಎರಡು ಬೆಡ್‌ರೂಮು, ಇಬ್ಬರು ಗಂಡುಮಕ್ಕಳು, ಒಂದು ವಾಷಿಂಗ್ ಮೆಷಿನು. ಇಷ್ಟರಲ್ಲಿ ನನ್ನ ಮಾತು ಕೇಳುವುದು ವಾಷಿಂಗ್ ಮೆಷಿನು ಮಾತ್ರ. ಮನೆಯಲ್ಲಿ ನಾವು ಕೊಂಕಣಿ ಮಾತಾಡುತ್ತೇವೆ, ಮಕ್ಕಳು ತಮಗೆ ಬೇಕಾದಾಗ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ.

ಬೇಸ್‌ಬಾಲ್ ನಮ್ಮ ಮನೆಗೆ ಬಂದದ್ದು ಡ್ಯಾರಲ್‌ನ ಶಾಲೆಯ ಕೊರಿಯನ್ ಗೆಳೆಯನಿಂದ. ಒಂದು ದಿನ ಅವನ ಜತೆ ನೋಡಲು ಹೋದವನು, ಮರುವಾರ ಗ್ಲೌಸ್ ಬೇಕೆಂದ, ಅದರ ಮರುವಾರ ಬ್ಯಾಟು. ಒಂದೇ ಸೀಸನ್ನಿನಲ್ಲಿ ಅವನ ಬಾಯಲ್ಲಿ ವಾಟರ್ ಹೋಗಿ ಅಮೆರಿಕನ್ನರ ವಾಡರ್ ಆಯಿತು. ಆಡುವುದನ್ನಂತೂ ಬಹಳ ಚೆನ್ನಾಗಿ ಆಡುತ್ತಿದ್ದ. ಚೆಂಡು ಎಸೆಯುವವನಿಗೆ ಅಲ್ಲಿ ಪಿಚರ್ ಎನ್ನುತ್ತಾರೆ. ನನ್ನ ಮಗ ತಂಡದ ಪಿಚರ್ ಆದಾಗ ನಾನು ಆಸ್ಪತ್ರೆಯ ಇಡೀ ವಾರ್ಡಿಗೆ ಲಡ್ಡು ಹಂಚಿದೆ.

ಅದಕ್ಕೂ ಮೊದಲು ಅವನು ಆಡಿದ್ದೆಲ್ಲ ನಮ್ಮ ಬಿಲ್ಡಿಂಗಿನ ಹಿಂದಿನ ಪಾರ್ಕಿಂಗಿನಲ್ಲಿ, ಅಪ್ಪನ ಜತೆ, ಕ್ರಿಕೆಟ್ಟು. ಸುತ್ತಲೂ ಕಾರುಗಳು, ದೊಡ್ಡ ಹೊಡೆತ ಹೊಡೆದರೆ ಯಾರದಾದರೂ ಗಾಜು ಹೋಯಿತು. ಅದಕ್ಕೆ ಜೆರಾಲ್ಡ್ ಊರಿನ ಅಂಗಳದ ಕಾನೂನನ್ನೇ ಅಲ್ಲಿಗೂ ತಂದಿದ್ದ. ಚೆಂಡು ನೆಲಕ್ಕೆ ಒಂದು ಸಲ ಪುಟಿದರೂ ಪರವಾಗಿಲ್ಲ, ಒಂದೇ ಕೈಯಲ್ಲಿ ಹಿಡಿದರೆ ಔಟ್. ಒನ್ ಪಿಚ್ ಒನ್ ಹ್ಯಾಂಡ್. ಇನ್ನೊಂದು, ಸತ್ತರೂ ಬ್ಯಾಟು ಬಿಡಬಾರದು. ಓಡಿ ಬಂದು ಸೀಮೆಸುಣ್ಣದ ಗೆರೆಯೊಳಗೆ ಬ್ಯಾಟಿನ ತುದಿ ಊರಿದರೆ ನಾಟ್ ಔಟ್. ಪ್ರತಿ ಸಂಜೆ ಮೂರನೇ ಮಹಡಿಯ ನನ್ನ ಅಡುಗೆಮನೆಗೆ ಜೆರಾಲ್ಡನ ಕೂಗು ಕೇಳುತ್ತಿತ್ತು: "ಬ್ಯಾಟ್ ಹಾಕು, ಬ್ಯಾಟ್ ಹಾಕು!"

ಬೇಸ್‌ಬಾಲ್ ಸೇರಿದ ಮೇಲೆ ಡ್ಯಾರಲ್ ಪಾರ್ಕಿಂಗಿಗೆ ಇಳಿಯುವುದನ್ನು ಬಿಟ್ಟ. "ಇಟ್ಸ್ ನಾಟ್ ಅ ರಿಯಲ್ ಗೇಮ್, ಡ್ಯಾಡಿ," ಅಂದುಬಿಟ್ಟ. ಜೆರಾಲ್ಡ್ ನಕ್ಕ, ಆದರೆ ಆ ರಾತ್ರಿ ಊಟಕ್ಕೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಪಾರ್ಕಿಂಗಿನಲ್ಲಿ ಅಪ್ಪ ಮತ್ತು ಪ್ರಿಯನ್ ಇಬ್ಬರೇ ಉಳಿದರು.

ಪ್ರಿಯನ್‌ಗೆ ಅಣ್ಣನೆಂದರೆ ಪ್ರಾಣ. ತನಗೆ ಒಂಬತ್ತು ತುಂಬಿ ಅದೇ ತಂಡಕ್ಕೆ ಸೇರುವ ದಿನಕ್ಕಾಗಿ ಕಾದಿದ್ದ. ಸೇರಿದ. ಡ್ಯಾರಲ್‌ಗೆ ಹನ್ನೆರಡು ತುಂಬಿದ್ದರಿಂದ ಮುಂದಿನ ವರ್ಷ ಅವನು ದೊಡ್ಡವರ ತಂಡಕ್ಕೆ. ಹಾಗಾಗಿ ಅಣ್ಣತಮ್ಮಂದಿರು ಒಟ್ಟಿಗೆ ಆಡಲು ಸಿಕ್ಕಿದ್ದು ಇದೊಂದೇ ಸೀಸನ್, ಈ ದಿನದ್ದೇ ಅದರ ಕೊನೆಯ ಮ್ಯಾಚು. ಇಡೀ ಸೀಸನ್ನಿನಲ್ಲಿ ಡ್ಯಾರಲ್ ಮೈದಾನದೊಳಗೆ ತಮ್ಮನ ಹೆಸರು ಹಿಡಿದು ಕರೆದಿರಲಿಲ್ಲ. ಬೆಂಚಿನಲ್ಲಿ ಪ್ರಿಯನ್ ಪಕ್ಕಕ್ಕೆ ಬಂದು ಕೂತರೆ ಎದ್ದು ಹೋಗಿ ನೀರು ಕುಡಿಯುತ್ತಿದ್ದ. ಪ್ರಿಯನ್ ಅಣ್ಣನ ಚೆಂಡಿಗೆ ತಾನೊಂದು ಕ್ಯಾಚ್ ಹಿಡಿಯಬೇಕೆಂದು ರಾತ್ರಿ ದೇವರ ಪ್ರಾರ್ಥನೆಯಲ್ಲಿ ಕೇಳಿಕೊಳ್ಳುತ್ತಿದ್ದ. ನನಗೆ ಕಪ್ಪೂ ಬೇಡ, ಮೆಡಲೂ ಬೇಡ. ಆ ಇಬ್ಬರು ಒಂದು ಸಲ ಮೈದಾನದಲ್ಲಿ ಒಬ್ಬರ ಮುಖ ಒಬ್ಬರು ನೋಡಿ ನಗಬೇಕಿತ್ತು. ಅದಕ್ಕೇ ಶನಿವಾರದ ಡ್ಯೂಟಿಯನ್ನು ವಾರ್ಡಿನ ಜತೆಗಾತಿ ಸಿಸಿಲಿಯಾಳ ಕೈಕಾಲು ಹಿಡಿದು ಬದಲಾಯಿಸಿಕೊಂಡು ಬಂದಿದ್ದೆ.

ಮೈದಾನದಲ್ಲಿ ಮೀನು ಮೊದಲೇ ಮಾನ ಕಳೆಯಿತು. ಜೆರಾಲ್ಡ್ ಐಸ್ ಡಬ್ಬಿಯನ್ನು ಹೊತ್ತು ತಂದು ಗ್ಯಾಲರಿಯ ನೆರಳಿನಲ್ಲಿ, ಉಳಿದವರ ಜ್ಯೂಸ್ ಡಬ್ಬಿಗಳ ಸಾಲಿನಲ್ಲೇ ಇಟ್ಟ. ತಂಡದ ಹುಡುಗನೊಬ್ಬನ ಅಮ್ಮ, ಪಾಪ, ಎಲ್ಲರಿಗೂ ನೀರು ಹಂಚಲು ಮುಚ್ಚಳ ತೆಗೆದಳು. ಒಳಗಿನಿಂದ ಎರಡು ಅಂಜಲ್ ಬಾಯಿ ತೆರೆದು ಅವಳನ್ನೇ ನೋಡಿದವು. ಅವಳು ಕಿರುಚಿದ್ದಕ್ಕೆ ಎರಡೂ ತಂಡದವರು ತಿರುಗಿದರು. ಜೆರಾಲ್ಡ್ ಬಹಳ ಮರ್ಯಾದೆಯಿಂದ, "ಕಿಂಗ್‌ಫಿಶ್, ಮ್ಯಾಡಮ್. ವೆರಿ ಫ್ರೆಶ್," ಅಂದ. ನನಗೆ ನಗು ತಡೆಯಲಾಗಲಿಲ್ಲ. ದೂರದಲ್ಲಿ ಡ್ಯಾರಲ್ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡದ್ದು ಕಂಡು ಆ ನಗು ಅಲ್ಲೇ ನಿಂತಿತು.

ಮ್ಯಾಚು ಶುರುವಾಯಿತು. ಡ್ಯಾರಲ್‌ನ ಎಸೆತಕ್ಕೆ ಅಬುಧಾಬಿಯ ಹುಡುಗರು ಗಾಳಿಗೆ ಬ್ಯಾಟು ಬೀಸಿ ಬೀಸಿ ಹೋಗುತ್ತಿದ್ದರು. ಪ್ರತಿ ಮಗುವನ್ನೂ ಸ್ವಲ್ಪ ಹೊತ್ತಾದರೂ ಆಡಿಸಬೇಕೆಂಬ ನಿಯಮವಿದ್ದುದರಿಂದ ಕೋಚ್ ಎಡ್ವರ್ಡ್ ಕೊನೆಕೊನೆಗೆ ಪ್ರಿಯನ್‌ನನ್ನು ಬಲಗಡೆಯ ಮೂಲೆಗೆ ನಿಲ್ಲಿಸಿದರು. ಅಲ್ಲಿಗೆ ಚೆಂಡು ಬರುವುದು ಅಪರೂಪ. ನಾವು ಒಂದು ರನ್ ಮುಂದಿದ್ದೆವು. ಎದುರಿನವರ ಇಬ್ಬರು ಹುಡುಗರು ಬೇಸುಗಳಲ್ಲಿ, ಅಂದರೆ ನೆಲದ ಮೇಲಿನ ಬಿಳಿ ದಿಂಬುಗಳಲ್ಲಿ, ಓಡಲು ಕಾದು ನಿಂತಿದ್ದರು. ಆಗ ಒಬ್ಬ ಹೊಡೆದ ಚೆಂಡು ಮೇಲೆದ್ದು ನೇರ ಬಲಮೂಲೆಗೆ ಹೋಯಿತು.

ಪ್ರಿಯನ್ ಓಡಿದ. ಚೆಂಡು ಅವನ ಮುಂದೆ ನೆಲಕ್ಕೆ ಬಿದ್ದು ಪುಟಿಯಿತು. ನನ್ನ ಮಗ ಗ್ಲೌಸ್ ಹಾಕಿದ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ, ಬರಿಯ ಬಲಗೈಯಲ್ಲಿ ಅದನ್ನು ಗಬಕ್ಕನೆ ಹಿಡಿದ! ಅಂಥ ಗಟ್ಟಿ ಚೆಂಡನ್ನು! ಹಿಡಿದವನು ಕೈ ಮೇಲೆತ್ತಿ, ಕುಣಿಯುತ್ತ, ನೇರ ಅಣ್ಣನ ಕಡೆಗೆ ಓಡಿಬಂದ. "ಡ್ಯಾರಲ್! ಔಟ್! ನಿನ್ನ ಬಾಲಿಗೆ ಔಟ್!"

ಬೇಸ್‌ಬಾಲ್‌ನಲ್ಲಿ ಪುಟಿದ ಚೆಂಡನ್ನು ಹಿಡಿದರೆ ಏನೂ ಅಲ್ಲ. ಅದನ್ನು ತಕ್ಷಣ ಬೇಸಿಗೆ ಎಸೆಯಬೇಕು. ನಮ್ಮ ಹುಡುಗರೆಲ್ಲ "ಥ್ರೋ! ಥ್ರೋ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಪ್ರಿಯನ್ ಅದನ್ನು ಶಹಬ್ಬಾಸ್ ಎಂದುಕೊಂಡು ಇನ್ನಷ್ಟು ಕುಣಿದ. ಅಷ್ಟರಲ್ಲಿ ಬೇಸುಗಳಲ್ಲಿದ್ದ ಇಬ್ಬರೂ ಓಡಿ ಹೋಮ್, ಅಂದರೆ ಬ್ಯಾಟು ಬೀಸುವ ಜಾಗ, ಸೇರಿ ಒಂದೊಂದು ರನ್ ಮಾಡಿದರು. ಒಂದು ರನ್ ಮುಂದಿದ್ದ ನಾವು ಒಂದು ರನ್ ಹಿಂದೆ ಬಿದ್ದೆವು.

ಅಂಪೈರ್ ಬಂದು ಏನಾಯಿತು ಮಗೂ ಎಂದು ಕೇಳಿದರು. ಪ್ರಿಯನ್ ಅಂಗೈ ತೋರಿಸಿ, "ಬಟ್ ಒನ್ ಪಿಚ್ ಒನ್ ಹ್ಯಾಂಡ್! ಇನ್ ಅವರ್ ಪಾರ್ಕಿಂಗ್ ದಟ್ಸ್ ಔಟ್!" ಅಂದ. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅಬುಧಾಬಿಯ ಒಬ್ಬ ಎತ್ತರದ ಹುಡುಗ ಇಬ್ಬರ ಅಂಗಿಯ ಬೆನ್ನು ನೋಡಿದ. ಎರಡರಲ್ಲೂ ದೊಡ್ಡದಾಗಿ ಮಿನೇಜಸ್ ಎಂದಿತ್ತು. "ಈಸ್ ಹಿ ಯುವರ್ ಬ್ರದರ್?" ಎಂದು ಡ್ಯಾರಲ್‌ನನ್ನು ಕೇಳಿದ.

"ನೋ," ಅಂದ ನನ್ನ ಮಗ. "ಸೇಮ್ ಸರ್‌ನೇಮ್. ದಟ್ಸ್ ಆಲ್."

ನಮ್ಮ ಕಡೆಯ ಕ್ರಿಸ್ತುವರಲ್ಲಿ ಒಂದೇ ಅಡ್ಡಹೆಸರಿನವರು ಓಣಿಗೆ ಹತ್ತು ಮಂದಿ ಸಿಗುತ್ತಾರೆ, ಆದ್ದರಿಂದ ಸುಳ್ಳು ಸುಲಭವಾಗಿ ನಂಬುವ ಹಾಗೇ ಇತ್ತು. ಬೇಲಿಯ ಪಕ್ಕದಲ್ಲಿದ್ದ ನನಗೆ ಅದು ಕೇಳಿಸಿತು. ಪ್ರಿಯನ್‌ಗೂ ಕೇಳಿಸಿತು. ಕುಣಿಯುತ್ತಿದ್ದ ಕಾಲು ನಿಂತಿತು. ಆಸ್ಪತ್ರೆಯಲ್ಲಿ ಎಷ್ಟೋ ನೋವು ನೋಡಿದ್ದೇನೆ, ಆ ಮುಖ ನೋಡಲು ನನ್ನಿಂದಾಗಲಿಲ್ಲ. ಡ್ಯಾರಲ್‌ನ ಕೆನ್ನೆಗೆ ಎರಡು ಬಿಗಿಯಬೇಕೆನ್ನಿಸಿತು.

ಅವರ ಸರದಿ ಮುಗಿದ ಮೇಲೆ ಪ್ರಿಯನ್ ಬೆಂಚಿಗೆ ಹೋಗದೆ ಬೇಲಿಯ ಹತ್ತಿರ ಬಂದ. ಅಂಗೈ ಕೆಂಪಾಗಿ ಊದಿತ್ತು. ಮೀನಿನ ಡಬ್ಬಿಯ ಐಸನ್ನೇ ಕರವಸ್ತ್ರದಲ್ಲಿ ಕಟ್ಟಿ ಒತ್ತಿದೆ.

"ಮಮ್ಮಿ, ನಾನು ತಪ್ಪು ಮಾಡಿದ್ದಾ?"

"ನೀನಲ್ಲ ಪುತಾ. ನಿನ್ನ ಡ್ಯಾಡಿಯ ತಪ್ಪು," ಅಂದು ಜೆರಾಲ್ಡನ ಕಡೆ ತಿರುಗಿದೆ. "ಆಯ್ತಲ್ಲ? ಸಮಾಧಾನ ಆಯ್ತಲ್ಲ ನಿನಗೆ? ಬೆಳಿಗ್ಗೆ ಮೀನು, ಈಗ ನಿನ್ನ ಪಾರ್ಕಿಂಗು! ಮಕ್ಕಳಿಗೆ ಬೇರೆ ಎಂತ ಕಲಿಸಿದ್ದಿ ನೀನು?"

ಡ್ಯಾರಲ್‌ನ ಆ "ನೋ" ಜೆರಾಲ್ಡನಿಗೂ ಕೇಳಿಸಿತ್ತು. ಪ್ರಿಯನ್‌ನ ಕೈಯನ್ನು ನನ್ನಿಂದ ತೆಗೆದುಕೊಂಡು ತಾನೇ ಐಸು ಹಿಡಿದು ನಿಂತ. "ಕ್ಯಾಚ್ ಮಾತ್ರ ಒಳ್ಳೇದಿತ್ತು ಬಾಬಾ," ಅಂದ ಕೊನೆಗೆ.

ಕೊನೆಯ ಸರದಿ ನಮ್ಮದು. ಒಂದು ರನ್ ಬಂದರೆ ಸಮ, ಬರದಿದ್ದರೆ ಖಲಾಸ್. ಮೂವರು ಔಟಾದರೆ ಸರದಿ ಮುಗಿಯಿತು; ನಮ್ಮ ಇಬ್ಬರು ಆಗಲೇ ಔಟಾಗಿದ್ದರು, ಒಬ್ಬ ಕೊನೆಯ ಬೇಸಿನಲ್ಲಿ ಕಾಯುತ್ತಿದ್ದ, ಬ್ಯಾಟು ಹಿಡಿದು ಬಂದವನು ಡ್ಯಾರಲ್. ನನಗೆ ಒಳಗೊಳಗೇ ಸಿಟ್ಟು ಕುದಿಯುತ್ತಿತ್ತು, ಆದರೂ ಕೈ ತಾನಾಗಿ ಶಿಲುಬೆಯ ಗುರುತು ಹಾಕಿತು. ಹೆತ್ತವಳ ಹಣೆಬರಹ. ಪ್ರಿಯನ್ ಬೇಲಿಗೆ ಮುಖ ಒತ್ತಿ ಅಣ್ಣನನ್ನೇ ನೋಡುತ್ತಿದ್ದ.

ಡ್ಯಾರಲ್ ಹೊಡೆದ. ಚೆಂಡು ನೆಲಕ್ಕೆ ತಾಗಿ ಉರುಳಿತು. ಒಬ್ಬ ಹುಡುಗ ಅದನ್ನು ಎತ್ತಲು ತಡವರಿಸಿದ. ಡ್ಯಾರಲ್ ಮೊದಲ ಬೇಸು ಮುಟ್ಟಿದರೆ ಸಾಕು, ಆ ರನ್ ನಮ್ಮದು; ಸಮಯವಿತ್ತು. ಹೊಡೆದವನು ಬ್ಯಾಟು ಬಿಸಾಡಿ ಕೈ ಬೀಸಿಕೊಂಡು ಓಡಬೇಕು, ಡ್ಯಾರಲ್ ನೂರಾರು ಸಲ ಹಾಗೇ ಓಡಿದ್ದಾನೆ. ಈ ಸಲ ಓಡಿದವನ ಕೈಯಲ್ಲಿ ಬ್ಯಾಟು ಇತ್ತು. ಹುಡುಗ ಚೆಂಡು ಎತ್ತಿ ಬೇಸಿಗೆ ಎಸೆದ. ಡ್ಯಾರಲ್ ಕಣ್ಣಂಚಿನಿಂದ ಅದನ್ನು ಕಂಡ. ನನ್ನ ಅಮೆರಿಕನ್ ಮಗ, ವಾಡರ್ ಕುಡಿಯುವ ಮಗ, ಮೈ ಬಗ್ಗಿಸಿ, ಕೈ ಉದ್ದಕ್ಕೆ ಚಾಚಿ, ಧೂಳೆಬ್ಬಿಸಿ ಬ್ಯಾಟನ್ನು ಮುಂದಕ್ಕೆ ತಳ್ಳಿ ಅದರ ತುದಿಯನ್ನು ಬಿಳಿ ದಿಂಬಿಗೆ ಊರಿದ.

"ಬ್ಯಾಟ್ ಒಳಗುಂಟು!" ಎಂದು ಜೆರಾಲ್ಡ್ ಐಸು ಬಿಟ್ಟು ಎರಡೂ ಕೈ ಎತ್ತಿ ಹಾರಿದ.

ಅಲ್ಲಿ ಕಾಲು ತಾಗಬೇಕು, ಬ್ಯಾಟಲ್ಲ. ಕಾಲು ಇನ್ನೂ ಒಂದು ಮಾರು ಹಿಂದಿತ್ತು. ಚೆಂಡು ಬೇಸಿನಲ್ಲಿ ಕಾದು ನಿಂತಿದ್ದ ಅದೇ ಎತ್ತರದ ಹುಡುಗನ ಗ್ಲೌಸಿಗೆ ಬಿತ್ತು. ಅಂಪೈರ್ ಔಟ್ ಎಂದರು, ಮ್ಯಾಚು ಮುಗಿಯಿತು.

ಅಬುಧಾಬಿಯವರ ಕುಣಿತ ಶುರುವಾಯಿತು. ಡ್ಯಾರಲ್ ಹಾಗೇ ಮೊಣಕಾಲೂರಿ, ಬ್ಯಾಟಿನ ತುದಿಯನ್ನು ದಿಂಬಿನಿಂದ ತೆಗೆಯದೆ, ಅದನ್ನೇ ನೋಡುತ್ತ ಕುಳಿತಿದ್ದ. ಹೆಲ್ಮೆಟ್ಟಿನೊಳಗೆ ಅಳುತ್ತಿದ್ದಾನೆಂದು ಅವನ ಭುಜ ನೋಡಿದರೆ ತಿಳಿಯುತ್ತಿತ್ತು. ತಂಡದ ಹುಡುಗರು ಯಾರೂ ಹತ್ತಿರ ಹೋಗಲಿಲ್ಲ. ಎತ್ತರದ ಹುಡುಗ ಮಾತ್ರ ಏನು ಮಾಡಬೇಕೆಂದು ತಿಳಿಯದೆ ಪಕ್ಕದಲ್ಲಿ ನಿಂತಿದ್ದ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನಾನು ಬೇಲಿ ಸುತ್ತಿ ಹೋಗಬೇಕೆನ್ನುವಷ್ಟರಲ್ಲಿ ಜೆರಾಲ್ಡ್ ನನ್ನ ಕೈ ಹಿಡಿದ.

"ನಿಲ್ಲು ಒಲಿಂಡಾ. ನೋಡು."

ಪ್ರಿಯನ್ ನಮ್ಮ ಪಕ್ಕದಲ್ಲಿರಲಿಲ್ಲ. ಆಗಲೇ ಗೇಟು ದಾಟಿ, ಊದಿದ ಕೈಯನ್ನು ಎದೆಗೆ ಹಿಡಿದುಕೊಂಡು ಓಡುತ್ತಿದ್ದ. ಅಣ್ಣನ ಎದುರು ಹೋಗಿ ಕುಕ್ಕರಗಾಲಿನಲ್ಲಿ ಕೂತ. ದಿಂಬನ್ನು ನೋಡಿದ, ಬ್ಯಾಟಿನ ತುದಿಯನ್ನು ನೋಡಿದ, ತಲೆ ಬಗ್ಗಿಸಿ ಸರಿಯಾಗಿ ಪರೀಕ್ಷೆ ಮಾಡಿದ. ಆಮೇಲೆ, ಮನೆಯ ಕೊಂಕಣಿಯಲ್ಲಿ, ನಮಗೂ ಕೇಳುವ ಹಾಗೆ ಹೇಳಿದ: "ಡ್ಯಾರಲ್, ಅಳ್ಬೇಡ. ನಮ್ಮ ಪಾರ್ಕಿಂಗಲ್ಲಿ ಇದು ನಾಟ್ ಔಟ್."

ಡ್ಯಾರಲ್ ತಲೆಯೆತ್ತಿದ. ಮೂಗು, ಕಣ್ಣು, ಧೂಳು ಎಲ್ಲ ಒಂದಾಗಿತ್ತು. ತಮ್ಮನ ಮುಖವನ್ನೇ ನೋಡಿದ. ಬಾಯಿ ಮೊದಲು ಅಳುವ ಕಡೆಗೆ ಸೊಟ್ಟಗಾಯಿತು, ಮತ್ತೆ ಅಲ್ಲೇ ತಿರುಗಿ ನಗುವಾಯಿತು. ಪ್ರಿಯನ್ ಕೂಡ ಹಲ್ಲು ಬಿಟ್ಟ.

"ವಾಟ್ಸ್ ಹಿ ಸೇಯಿಂಗ್?" ಎಂದು ಕೇಳಿದ ಎತ್ತರದ ಹುಡುಗ.

ಡ್ಯಾರಲ್ ತೋಳಿನಿಂದ ಮೂಗೊರಸಿಕೊಂಡ. ತಮ್ಮನ ಊದಿದ ಕೈಯನ್ನು ಹಿಡಿದು ಎದ್ದು ನಿಂತ.

"ದಿಸ್ ಈಸ್ ಮೈ ಬ್ರದರ್," ಅಂದ. "ಹಿ ಸೇಸ್ ಐಯಾಮ್ ನಾಟ್ ಔಟ್."