ಕಣ್ಣೀರಿಲ್ಲದ ದರಖಾಸ್ತು

ಪುಷ್ಯ ಮಾಸದ ಬೆಳಗು. ಘಾಟಬೋರಾಳದ ಮಹಾರುದ್ರಪ್ಪನ ಹೊಲದಲ್ಲಿ ಬಿಳಿಜೋಳ ಕೀಳುವ ಕೆಲಸ ನಡೆದಿತ್ತು. ಮಂಜು ಆರುವ ಮೊದಲು ಕಿತ್ತರೆ ಸೊಪ್ಪು ಅಂಗೈ ಕೊಯ್ಯುವುದಿಲ್ಲ. ಅದಕ್ಕೇ ಹೆಂಗಸರು ನಸುಕಿನಲ್ಲಿಯೇ ಸಾಲು ಹಿಡಿದಿದ್ದರು. ಎಲ್ಲರಿಗಿಂತ ಮುಂದೆ ಲತೀಫಾ ಇದ್ದಳು. ಅವಳ ಪಕ್ಕದ ಸಾಲು ಮಹಾರುದ್ರಪ್ಪನ ಹೆಂಡತಿ ಸಂಗಮ್ಮನದು.

ಲತೀಫಾಳ ಅತ್ತೆ ಅಕ್ಬರಿ ಬದುವಿನ ಮೇಲೆ ಬಂದು ನಿಂತು ಸೆರಗು ಬೀಸಿದಳು. ಮುಖ ಅರಳಿತ್ತು. ದವಾಖಾನೆಯ ನೌಕರಿ ಬೇಡಿ ಲತೀಫಾ ಹುಮನಾಬಾದಿನ ಕಚೇರಿಗೆ ಹಾಕಿದ ದರಖಾಸ್ತಿಗೆ ಹುಕುಂ ಬಂದಿತ್ತಂತೆ. ಕಲ್ಯಾಣದ ಖೈರಾತಿ ಕೋಠಿಯಿಂದ, ಬಡವರಿಗೆ ದಾನ ಕೊಡುವ ಉಗ್ರಾಣದಿಂದ, ಒಂದು ಚೀಲ ಜೋಳ ಮಂಜೂರಾಗಿದೆ, ವರ್ಷವರ್ಷವೂ ಸಿಗುತ್ತದೆ. ನಿನ್ನೆ ಸಂತೆಯ ಬಂಡಿಯಲ್ಲಿ ತಾನೇ ಹೋಗಿ, ರಾತ್ರಿ ಸೊಸೆ ಮಲಗಿದ ಮೇಲೆ ತಂದಿಟ್ಟದ್ದೂ ಆಯಿತು, ಅವಳು ಹೊಲಕ್ಕೆ ಹೋದ ಮೇಲೆ ಒಂದು ಪಾಯಲಿ ಅಳೆದು ಬೀಸಿದ್ದೂ ಆಯಿತು ಎಂದಳು.

ಲತೀಫಾ ಕಿತ್ತ ದಂಟನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ನೌಕರಿಯ ಮಾತು ಏನಾಯಿತೆಂದು ಕೇಳಿದಳು. ಹುಕುಮಿನಲ್ಲಿ ನೌಕರಿಯ ಮಾತೇ ಇರಲಿಲ್ಲ.

"ನೌಕರಿ ಕೇಳಿದ್ದಕ್ಕ ಜ್ವಾಳ ಕೊಟ್ಟಾರ," ಎಂದಳು ಸಂಗಮ್ಮ. "ಮುಂದ ಜ್ವಾಳ ಕೇಳವ್ವಾ, ದವಾಖಾನಿನೇ ಬರಕೊಡ್ತಾರ."

ಸಾಲಿನ ಹೆಂಗಸರು ನಕ್ಕರು. ಲತೀಫಾ ನಗಲಿಲ್ಲ. ಅವಳ ಗಂಡ ಮಹೆಬೂಬ ಹುಮನಾಬಾದಿನ ದವಾಖಾನೆಯಲ್ಲಿ ಜವಾನನಾಗಿದ್ದವನು. ಅವನು ದಮ್ಮು ಹಿಡಿದು ಮಲಗಿದ ಮೇಲೆ, ಸಂಬಳ ಅವನ ಹೆಸರಿಗೇ ಬರುತ್ತಿದ್ದರೂ ಅಲ್ಲಿ ಅವನ ಬದಲು ದುಡಿದವಳು ಇವಳು. ಅವನು ಸತ್ತಮೇಲೆ ಆ ಜಾಗಕ್ಕೆ ಬೇರೊಬ್ಬ ಗಂಡಾಳು ಬಂದ. ಇವಳು ಊರಿಗೆ ಮರಳಿ ಕೂಲಿಗೆ ನಿಂತಳು. ಈಗ ಅದೇ ದವಾಖಾನೆಯ ಹೆಂಗಸರ ಕೋಣೆಗೆ ಒಬ್ಬ ಆಯಾ ಬೇಕೆಂದು ಡಂಗುರ ಸಾರಿದ್ದರು. ಆ ಕೆಲಸ ಮಾಡಲು ತನಗೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಕಚೇರಿಗೆ ಅದು ಗೊತ್ತಾಗಬೇಕಿತ್ತು, ಅಷ್ಟೇ.

ಮರುದಿನ ಕೂಲಿ ಬಿಟ್ಟು ಹುಮನಾಬಾದಿಗೆ ನಡೆದಳು.

ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ವೈಜನಾಥ ಕೂತಿದ್ದ. ದರಖಾಸ್ತು ಬರೆಯುವುದೇ ಅವನ ಕಸುಬು. ಅವನ ಉರ್ದು ಓದಿದರೆ ಸಾಹೇಬರು ಕರವಸ್ತ್ರ ಹುಡುಕುತ್ತಾರೆಂದು ಊರಲ್ಲಿ ಹೆಸರಿತ್ತು. ಜೋಳದ ಸುದ್ದಿ ಕೇಳಿ ಅವನು ಮೀಸೆ ತಿರುವಿದ. ತಾನು ಬರೆದದ್ದನ್ನು ರಾಗವಾಗಿ ಬಾಯಿಪಾಠ ಒಪ್ಪಿಸಿದ. ದಿಕ್ಕಿಲ್ಲದ ಬೇವಾ, ಎಂದರೆ ವಿಧವೆ, ಮರಹೂಮ್ ಮಹೆಬೂಬನ ಹೆಂಡತಿ, ಹುಜೂರರ ಪಾದದ ಧೂಳಿ, ಕಣ್ಣೀರೇ ಅನ್ನ. ಹೀಗೆ ಹಾಳೆಯ ಒಂದು ಮಗ್ಗಲು ತುಂಬಿತ್ತು. ಆಯಾ ಕೆಲಸದ ಮಾತು ಎರಡನೆಯ ಮಗ್ಗಲಿನ ಕೊನೆಯ ಸಾಲಿನಲ್ಲಿತ್ತು. ಕಚೇರಿಯ ಕಾರಕೂನ ಅಲ್ಲಿಯವರೆಗೆ ಬಂದಿರಲಿಕ್ಕಿಲ್ಲ. ಮೊದಲ ಮಗ್ಗಲು ಓದಿ ಮರುಗಿ, ಕಾಗದವನ್ನು ಕಲ್ಯಾಣದ ಖೈರಾತಿಗೆ ಕಳಿಸಿದ್ದ.

"ನನ್ನ ಹೆಸರು ಎಲ್ಲಿ ಅದರಿ?" ಎಂದಳು ಲತೀಫಾ.

"ಹೆಣ್ಣಮಕ್ಕಳ ಹೆಸರು ಕಚೇರಿ ಕಾಗದದಾಗ ಬರೀತಾರೇನು ತಂಗಿ? ಬೇಅದಬಿ ಆಗ್ತದ, ಮರ್ಯಾದಿ ಹೋಗ್ತದ."

"ಹೊಲದಾಗ ಊರೆಲ್ಲಾ ಹೆಸರು ಹಿಡದು ಕರೀತದರಿ. ಯಾರದೂ ಅದಬು ಕೆಟ್ಟಿಲ್ಲ. ಹೊಸಾದು ಬರೀರಿ. ಅದರಾಗ ಕಣ್ಣೀರ ಒಂದೂ ಬ್ಯಾಡ. ಮಾಡಿದ ಕೆಲಸ ಬರೀರಿ."

ಕಣ್ಣೀರಿಲ್ಲದ ದರಖಾಸ್ತು ಉಪ್ಪಿಲ್ಲದ ಸಾರು, ಯಾರೂ ಬಾಯಿಗೆ ಇಡುವುದಿಲ್ಲ ಎಂದ ವೈಜನಾಥ. ಅವಳು ಏಳಲಿಲ್ಲ. ಕಡೆಗೆ ಅವನೇ ಲೆಕ್ಕಣಿಕೆಯನ್ನು ಮಸಿಗೆ ಅದ್ದಿ, ಏನು ಮಾಡಿದ್ದೀ ಹೇಳು ಎಂದ.

ಅವಳು ಹೇಳುತ್ತ ಹೋದಳು. ಗಾಯಕ್ಕೆ ಕಟ್ಟುವ ಪಟ್ಟಿ ಕುದಿಸಿ ಒಣಗಿಸಿದ್ದು. ದಾಕ್ತರರ ಕತ್ತರಿ, ಚಿಮಟ ಬಿಸಿನೀರಲ್ಲಿ ಹಾಕಿ ತೆಗೆದದ್ದು. ಹೈದರಾಬಾದಿನ ದಾಕ್ತರರಿಗೆ ಕನ್ನಡ ಬಾರದು. ಹಳ್ಳಿಯ ಹೆಂಗಸರು ಗಂಡಸಿನ ಮುಂದೆ ಬಾಯಿ ಬಿಡರು. ಅವರ ನೋವನ್ನು ಇವಳು ಕೇಳಿ ಉರ್ದುವಿನಲ್ಲಿ ಹೇಳುತ್ತಿದ್ದಳು. ಮರಾಠಿಯವರು ಬಂದರೆ ಅದೂ ಆಗುತ್ತಿತ್ತು. ವೈಜನಾಥ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. ಇದು ಮೊದಲ ಸಾಲಿಗೆ ಬರಬೇಕು ಎಂದು ಹಾಳೆ ಬದಲಿಸಿದ.

"ಹೆರಿಗಿ ಮಾಡಿಸೀಯೇನು? ಬರೀತೀನಿ, ವಜನ ಬರ್ತದ."

"ಇಲ್ರಿ. ಕಂದೀಲ ಹಿಡದು ನಿಂತೀನಿ. ಹಿಡದದ್ದೇ ಬರೀರಿ."

ಹಾಳೆಯ ಅರ್ಧಕ್ಕೇ ದರಖಾಸ್ತು ಮುಗಿಯಿತು. ಮೇಲೆ ಅವಳ ಹೆಸರು, ಊರು. ಗಂಡನ ಹೆಸರು ಕೆಳಗೆ. ಇಷ್ಟು ಸಣ್ಣದಕ್ಕೆ ಕೂಲಿ ಕೇಳಲು ನಾಚಿಕೆಯಾಗುತ್ತದೆ ಎಂದು ವೈಜನಾಥ ಗೊಣಗಿದರೂ ಕೊಟ್ಟದ್ದನ್ನು ತೆಗೆದುಕೊಂಡ. ಆಮೇಲೆ ಒಂದು ತೊಡಕು ಹೇಳಿದ. ಖೈರಾತಿಯ ಪಟ್ಟಿಯಲ್ಲಿ ಇರುವವಳನ್ನು ನೌಕರಿಗೆ ಹಿಡಿಯುವುದಿಲ್ಲ. ತಂದ ಜೋಳ ತಿರುಗಿ ಕೊಟ್ಟು, ಪಟ್ಟಿಯಿಂದ ಹೊರಬಂದ ಚೀಟಿ ತರಬೇಕು.

ಮನೆಯಲ್ಲಿ ಅಕ್ಬರಿ ಚೀಲದ ಮೇಲೆಯೇ ಕೂತುಬಿಟ್ಟಳು. ಬಂದ ಅನ್ನಕ್ಕೆ ಒದೆಯುವವಳ ಗತಿ ಏನಾಗುತ್ತದೆಂದು ಸಂಜೆಯವರೆಗೂ ಹೇಳಿದಳು. ಲತೀಫಾ ಒಲೆ ಹೊತ್ತಿಸಿ, ರೊಟ್ಟಿ ಬಡಿದು, ಅತ್ತೆಗೆ ನೀಡಿ, ಕಡೆಗೆ ಒಂದೇ ಮಾತು ಹೇಳಿದಳು:

"ಅತ್ತಿ, ಈ ಚೀಲ ಇದ್ರ ನಾ ಸಾಯೋತನಕ ಬೇವಾ. ಅಷ್ಟೇ ಆಗಿ ಇರಬೇಕಾಗ್ತದ."

ಅಕ್ಬರಿ ರೊಟ್ಟಿ ತಿಂದು ಮುಗಿಸಿ ಚೀಲದಿಂದ ಎದ್ದಳು.

ಸಂಗಮ್ಮನ ಬಂಡಿ ಕಲ್ಯಾಣಕ್ಕೆ ಹೊರಟಾಗ ಲತೀಫಾ ಚೀಲ ಹಾಕಿಕೊಂಡು ಹೋದಳು. ಕೋಠಿಯ ಲೆಕ್ಕ ಬರೆಯುವ ಮುನ್ಷಿ ಮೊಹಿನುದ್ದೀನ್ ವಯಸ್ಸಾದವನು. ಕೊಟ್ಟ ಜೋಳ ಮರಳಿ ಬಂದದ್ದನ್ನು ಅವನು ಕಂಡಿರಲಿಲ್ಲ. ಹುಳ ಬಿದ್ದಿದೆಯೇನೆಂದು ಬೊಗಸೆ ತುಂಬಿ ನೋಡಿದ. ಅಳೆದಾಗ, ಬೀಸಿದ ಪಾಯಲಿಯಷ್ಟು ಕಡಿಮೆ ಬಂತು. ಬಿಡು ಮಗಳೇ ಎಂದ. ಬಿಡಬೇಡಿ, ನನ್ನ ಹೆಸರಿಗೆ ಬಾಕಿ ಬರೆಯಿರಿ ಎಂದಳು ಲತೀಫಾ. ಯಾರ ಹೆಂಡತಿ ಎಂದು ಅವನು ಕೇಳಿದ್ದಕ್ಕೆ, ಬಾಕಿ ತೀರಿಸುವವಳು ನಾನು, ಲತೀಫಾ ಎಂದೇ ಬರೆಯಿರಿ ಎಂದಳು. ಅವನು ಹಾಗೆಯೇ ಬರೆದು ಚೀಟಿ ಕೊಟ್ಟ.

ದರಖಾಸ್ತು ಕಚೇರಿಯಿಂದ ದವಾಖಾನೆಗೆ ಹೋಯಿತು. ಹೈದರಾಬಾದಿನಿಂದಲೇ ಬಂದಿದ್ದ ಹೊಸ ದಾಕ್ತರರು ಕರೆಸಿದಾಗ ಜಗಲಿಯಲ್ಲಿ ಅದೇ ಕೆಲಸಕ್ಕೆ ಬಂದ ಇನ್ನೂ ಕೆಲವರು ಕೂತಿದ್ದರು. ಒಳಗೆ ಹಳ್ಳಿಖೇಡದ ಒಬ್ಬ ಬಸುರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ದಾಕ್ತರರು ಕಾಗದದ ಮೊದಲ ಸಾಲು ಓದಿ, ಅವಳ ಕಡೆ ಕೈ ತೋರಿಸಿದರು. ಲತೀಫಾ ನೆಲಕ್ಕೆ ಕೂತು, ಯಾವೂರವ್ವಾ ನಿಂದು, ಯಾರ ಪೈಕಿ ಎಂದು ಶುರು ಮಾಡಿದಳು. ನೋವಿನ ಮಾತು ಆಮೇಲೆ ತಾನಾಗಿ ಬಂತು. ದಾಕ್ತರರು ಎರಡನೆಯ ಸಾಲು ಓದಲಿಲ್ಲ.

ಮೊದಲ ಪಗಾರದ ದಿನ ಅವಳು ಹುಮನಾಬಾದಿನ ಪೇಟೆಯಲ್ಲಿ ಒಳ್ಳೆಯ ಬಿಳಿಜೋಳ ಆರಿಸಿ ಕೊಂಡಳು. ರಜೆ ಕೇಳಿ ಕಲ್ಯಾಣದ ಬಸ್ಸು ಹತ್ತಿದಳು. ಮುನ್ಷಿ ಪಾಯಲಿಯನ್ನು ಮಟ್ಟಸವಾಗಿ ಗೀರಲು ಹೋದ. ಅವಳು ತಡೆದು, ತಲೆ ಕಟ್ಟುವಂತೆ ಮೇಲೆ ಇನ್ನೊಂದು ಹಿಡಿ ಸುರಿದಳು. ಕಾಳು ಅಂಚಿನಿಂದ ಜಾರಿ ಕೋಠಿಯ ನೆಲಕ್ಕೆ ಬಿದ್ದವು. ಮೊಹಿನುದ್ದೀನ್ ಅವಳ ಹೆಸರಿನ ಮುಂದಿನ ಬಾಕಿಗೆ ಗೆರೆ ಎಳೆದ.